ನೆಲ ಬಿಸಿ ಮಾಡುವ ಕೊಳವೆಯಲ್ಲಿ ಕೆಂಪು ನೀರು ಕಂಡರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಜರ್ಮನಿಗೆ ಬಂದು ನೆಲೆಸುವ ನಮ್ಮವರಿಗೆ ಶಹಾಬಾದಿ ಕಲ್ಲಿನ ತಂಪು ನೆಲ ಗೊತ್ತೇ ಹೊರತು ಬಿಸಿಯೇರುವ ನೆಲ ಹೊಸದು. ಟೈಲ್ಸ್‌ನ ಅಡಿಯಲ್ಲಿ ಸುತ್ತುಸುತ್ತಾಗಿ ಹಾಸಿದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಹರಿದು ಕೋಣೆಯನ್ನು ಬೆಚ್ಚಗಿಡುತ್ತದೆ. ಆ ಕೊಳವೆಗಳೆಲ್ಲ ಗೋಡೆಯ ಪೆಟ್ಟಿಗೆಯೊಳಗಿನ ಮ್ಯಾನಿಫೋಲ್ಡಿಗೆ, ಅಂದರೆ ಸುತ್ತುಗಳಿಗೆ ನೀರು ಹಂಚುವ ದಪ್ಪ ಕೊಳವೆಗೆ, ಬಂದು ಸೇರುತ್ತವೆ. ಅದರ ಮೇಲೆ ಸಾಲಾಗಿರುವ ಚಿಕ್ಕ ಪಾರದರ್ಶಕ ನಳಿಕೆಗಳು ಪ್ರತಿ ಸುತ್ತಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು ಹರಿಯುತ್ತಿದೆ ಎಂಬುದನ್ನು ತೋರಿಸುತ್ತವೆ. ನೀರು ಕೆಟ್ಟಿದ್ದರೆ ಮೊದಲು ಕಾಣುವುದೂ ಅಲ್ಲಿಯೇ: ನಳಿಕೆಯ ಒಳಮೈ ಕಂದು ಹಿಡಿದು, ಒಳಗಿನ ಸೂಚಕವೇ ಕಾಣದಂತಾಗುತ್ತದೆ.

ಆಗ ನಮಗೆ ತಟ್ಟನೆ ಹೊಳೆಯುವ ಉಪಾಯವೆಂದರೆ ಹಳೆಯ ನೀರನ್ನು ಬಿಟ್ಟು ಹೊಸ ನೀರು ತುಂಬುವುದು. ಊರಿನಲ್ಲಿ ನಲ್ಲಿಗೆ ನೀರು ಬಿಟ್ಟ ದಿನ ಮೊದಲು ಬರುವ ಕೆಂಪು ನೀರನ್ನು ಚರಂಡಿಗೆ ಹರಿಸಿ, ತಿಳಿಯಾದ ಮೇಲೆಯೇ ಸಂಪಿಗೆ ಬಿಡುವುದು ಸರಿಯಾದ ರೂಢಿ. ಇಲ್ಲಿ ಅದೇ ರೂಢಿ ತುಕ್ಕನ್ನು ಹೆಚ್ಚಿಸುತ್ತದೆ. ಹೀಟಿಂಗ್ ವ್ಯವಸ್ಥೆಯ ಮುಚ್ಚಿದ ಸುತ್ತಿನಲ್ಲಿ ವರ್ಷಗಟ್ಟಲೆ ಅದೇ ನೀರು ತಿರುಗುತ್ತಿರುತ್ತದೆ. ಅದರಲ್ಲಿ ಕರಗಿದ್ದ ಆಮ್ಲಜನಕ ಕಬ್ಬಿಣದೊಡನೆ ಕೂಡಿ ತೀರಿದ ಮೇಲೆ ತುಕ್ಕು ಬಹುಮಟ್ಟಿಗೆ ನಿಲ್ಲುತ್ತದೆ. ಹೊಸ ನೀರು ತುಂಬಿದಾಗಲೆಲ್ಲ ಹೊಸ ಆಮ್ಲಜನಕವೂ ಒಳಗೆ ಬರುತ್ತದೆ.

ಬಣ್ಣವನ್ನು ಗಮನವಿಟ್ಟು ನೋಡಿ. ಕಪ್ಪು ನೀರಿನಲ್ಲಿರುವುದು ಆಮ್ಲಜನಕ ಕಡಿಮೆ ಇದ್ದಾಗ ಉಂಟಾಗುವ ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್. ಅದಕ್ಕೆ ಅಯಸ್ಕಾಂತದ ಫಿಲ್ಟರ್ ಒಳ್ಳೆಯ ಪರಿಹಾರ. ಕೆಂಪು ಕಂದು ಬಣ್ಣ ಮಾತ್ರ ಗಾಳಿ ಎಲ್ಲಿಂದಲೋ ಒಳಬರುತ್ತಲೇ ಇದೆ ಎಂಬುದರ ಸೂಚನೆಯಾದ್ದರಿಂದ ನಾನು ಅದನ್ನೇ ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ. 1970 ಮತ್ತು 80ರ ದಶಕಗಳ ಮನೆಗಳಲ್ಲಿ ಅನೇಕ ಕಡೆ ಆಮ್ಲಜನಕವನ್ನು ತಡೆಯುವ ಪದರವಿಲ್ಲದ ಕೊಳವೆಗಳಿವೆ. ಪ್ಲಾಸ್ಟಿಕ್ ತಾನು ತುಕ್ಕು ಹಿಡಿಯದಿದ್ದರೂ ಅದರ ಗೋಡೆಯ ಮೂಲಕ ನುಸುಳಿದ ಆಮ್ಲಜನಕವು ಬಾಯ್ಲರ್, ಪಂಪು, ರೇಡಿಯೇಟರುಗಳ ಉಕ್ಕನ್ನು ತಿನ್ನುತ್ತದೆ. ಅಂಥ ಮನೆಯಲ್ಲಿ ಕೊಳವೆ ತೊಳೆಯುವುದಷ್ಟೇ ಸಾಲದು. ನಡುವೆ, ಎರಡು ಕಡೆಯ ನೀರು ಬೆರೆಯದಂತೆ ಬಿಸಿಯನ್ನಷ್ಟೇ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಕೂರಿಸಿ ನೆಲದ ನೀರನ್ನು ಬಾಯ್ಲರಿನ ನೀರಿನಿಂದ ಬೇರ್ಪಡಿಸಬೇಕು. ಹೊಸ ಮನೆಯಾದರೆ, ನೀರು ಬಿಸಿಯಾಗಿ ಹಿಗ್ಗಿದಾಗ ಒತ್ತಡವನ್ನು ಸರಿದೂಗಿಸುವ ಎಕ್ಸ್‌ಪಾನ್ಶನ್ ಟ್ಯಾಂಕ್ ಕೆಟ್ಟು ಒತ್ತಡ ಇಳಿಯುತ್ತಿದೆಯೇ, ಎಲ್ಲಾದರೂ ನೀರು ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಮೇಲಿಂದ ಮೇಲೆ ನೀರು ತುಂಬಬೇಕಾದರೆ ದೋಷ ಅಲ್ಲಿದೆ.

ಸುತ್ತುಗಳನ್ನು ಒಂದೊಂದಾಗಿ ತೊಳೆಯುವುದು, ಬಳಿಕ ಹೀಟಿಂಗ್ ನೀರಿನ ಕುರಿತ ಜರ್ಮನಿಯ ವಿಡಿಐ 2035 ಮಾರ್ಗಸೂಚಿಯಂತೆ ಉಪ್ಪು ಕಳೆದ ನೀರು ತುಂಬಿ ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಅನ್ನು 8.2ರಿಂದ 10ರ ನಡುವೆ, ಅಲ್ಯುಮಿನಿಯಂ ಭಾಗಗಳಿದ್ದರೆ 9ರೊಳಗೆ ಇರಿಸುವುದು ಕಸುಬು ಬಲ್ಲವರ ಕೆಲಸ. ಅಡುಗೆಮನೆಯ ನಲ್ಲಿಯ ನೀರು ಬೇರೆಯೇ ಕೊಳವೆಯಲ್ಲಿ ಬರುತ್ತದೆ; ಮಕ್ಕಳು ಕುಡಿಯುವ ನೀರಿನ ಬಗ್ಗೆ ಇದರಿಂದ ಗಾಬರಿಯಾಗಬೇಕಿಲ್ಲ.

ಬಾಡಿಗೆ ಮನೆಯಾದರೆ ನಳಿಕೆಗಳ ಫೋಟೋ ತೆಗೆದು, ಒತ್ತಡಮಾಪಕದ ಅಂಕಿಯನ್ನೂ ದಿನಾಂಕವನ್ನೂ ಬರೆದು ಮಾಲೀಕರಿಗೆ ತಡಮಾಡದೆ ಲಿಖಿತವಾಗಿ ತಿಳಿಸಿ. ಸಂಕೋಚಪಟ್ಟು ಸುಮ್ಮನಿರಬೇಡಿ: ದೋಷವನ್ನು ತಿಳಿಸದ ಕಾರಣ ಹಾನಿ ಹೆಚ್ಚಿದರೆ ಜರ್ಮನ್ ನಾಗರಿಕ ಸಂಹಿತೆಯ 536ಸಿ ಕಲಮಿನ ಪ್ರಕಾರ ಅದರ ಪರಿಹಾರ ಬಾಡಿಗೆದಾರರ ಮೇಲೆಯೇ ಬೀಳಬಹುದು.