ಕಡಿಮೆ ದುಡ್ಡಿನ ಸ್ಪೀಕರ್, ಬಟನ್ ಫೋನ್: ಹಳೇ ಕಾರಲ್ಲಿ ಹಾಡು ಚೆನ್ನಾಗಿ ಕೇಳಿಸಬೇಕಾದರೆ

ನಮ್ಮ ಹಳೇ ಕಾರಿಗೆ ಹೊಸ ಸ್ಪೀಕರ್ ಹಾಕಿಸಿದ ದಿನ ನನಗೆ ತುಂಬ ಬೇಜಾರಾಗಿತ್ತು. ಸೌಂಡ್ ಜೋರಾಗೇನೋ ಇತ್ತು, ಆದರೆ ತಬಲಾದ ಡಗ್ಗಾ ಮಾತ್ರ ಕೇಳಿಸುತ್ತಲೇ ಇರಲಿಲ್ಲ. ಎರಡು ವಾರ ಸ್ಪೀಕರನ್ನೇ ಬೈದೆ. ಕೊನೆಗೆ ಒಂದು ಭಾನುವಾರ ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ) ಬಿಚ್ಚಿ ನೋಡಿದರೆ, ಎಡಗಡೆ ಸ್ಪೀಕರಿನ ಎರಡು ವೈರ್ ಅದಲುಬದಲಾಗಿದ್ದವು. ಸರಿಮಾಡಿದೆ, ಅಷ್ಟೇ. ಡಗ್ಗಾ ವಾಪಸ್ ಬಂತು. ಅದಕ್ಕೇ ಹೇಳುವುದು, ದುಬಾರಿ ಸ್ಪೀಕರಿಗೆ ದುಡ್ಡು ಹಾಕುವ ಮೊದಲು ಇರುವುದನ್ನು ನೆಟ್ಟಗೆ ಕೂರಿಸಿ.

ಮೊದಲು ಅಳತೆ. ಬಾಗಿಲಿನ ಗೂಡು 4 ಇಂಚಿನದೋ 6 ಇಂಚಿನದೋ ನೋಡಿ. ಆಳವನ್ನೂ ನೋಡಿ, ಯಾಕೆಂದರೆ ಹಿಂದಿನ ಮ್ಯಾಗ್ನೆಟ್ ದಪ್ಪ ಇದ್ದರೆ ಗ್ಲಾಸ್ ಇಳಿಸಿದಾಗ ಅದಕ್ಕೆ ತಗಲುತ್ತದೆ.

ಆಮೇಲೆ ಅಂಗಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ 200, 300 ವ್ಯಾಟ್ ನೋಡಿ ಮರುಳಾಗಬೇಡಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಆರ್‌ಎಂಎಸ್ ವ್ಯಾಟ್, ಅಂದರೆ ಸ್ಪೀಕರ್ ಒಂದೇ ಸಮನೆ ತಾಳಿಕೊಳ್ಳುವ ಶಕ್ತಿ, ಎಷ್ಟು ಅಂತ ಕೇಳಿ. ಕಾರಿನ ಸಾಮಾನ್ಯ ಸ್ಟೀರಿಯೊ ಮೇಲೆ '50 ವ್ಯಾಟ್ x 4' ಅಂತ ಬರೆದಿದ್ದರೂ ಒಂದೊಂದು ಸ್ಪೀಕರಿಗೆ ಸರಾಗವಾಗಿ ಕೊಡುವುದು ಸುಮಾರು 15ರಿಂದ 20 ವ್ಯಾಟ್ ಮಾತ್ರ. ಹಾಗಾಗಿ 25-30 ವ್ಯಾಟ್ ಆರ್‌ಎಂಎಸ್ ಇರುವ 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್ ಸಾಕು. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಅಳತೆ, 90 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಇದರಲ್ಲಿ 3 ಡೆಸಿಬೆಲ್ ಹೆಚ್ಚಾದರೆ ಸ್ಟೀರಿಯೊದ ಶಕ್ತಿ ಎರಡರಷ್ಟಾದ ಹಾಗೆ!

ಕೂರಿಸುವಾಗ ಬ್ಯಾಟರಿಯ ಮೈನಸ್ ತೆಗೆದಿಡಿ. ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಸುಮ್ನೆ ಹರಿದು ಬಿಸಾಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ನೀರು ಬಾಗಿಲಿನ ಒಳಗಡೆಯೇ ಇಳಿದು ಹೋಗುತ್ತದೆ, ಅದು ಕಾರಿನ ಒಳಕ್ಕೆ ಬರದ ಹಾಗೆ ತಡೆಯುವುದು ಆ ಹಾಳೆಯೇ. ಸ್ಪೀಕರಿನ ಸುತ್ತ ಸಂದಿ ಉಳಿದಿದ್ದರೆ ಫೋಮ್ ಪಟ್ಟಿ ಅಂಟಿಸಿ, ಎಲ್ಲ ಸ್ಕ್ರೂ ಬಿಗಿಯಾಗಿ ಹಾಕಿ. ಹತ್ತಿಪ್ಪತ್ತು ರೂಪಾಯಿಯ ಫೋಮಿನಿಂದ ಬೇಸ್, ಅಂದರೆ ಡಗ್ಗಾದಂಥ ದಪ್ಪ ಸದ್ದು, ಎಷ್ಟು ಸುಧಾರಿಸುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು.

ಈಗ ವೈರ್. ಕಾರಿನ ಜೊತೆ ಬಂದದ್ದಲ್ಲದೆ ಅಂಗಡಿಯಿಂದ ತಂದು ಹಾಕಿಸಿದ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆ ಇರುವುದು ಮೈನಸ್. ಸ್ಪೀಕರಿನಲ್ಲಿ ಪ್ಲಸ್ ಯಾವುದು ಅಂತ ಗುರುತು ಅಳಿಸಿಹೋಗಿದ್ದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು ಎರಡೂ ಕಡೆಗೆ ಒಂದು ಕ್ಷಣ ಮುಟ್ಟಿಸಿ: ಕೋನ್ (ಸ್ಪೀಕರಿನ ಅದುರುವ ಬಟ್ಟಲಿನಂಥ ಭಾಗ) ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಗಲಿದ ಕಡೆಯೇ ಸ್ಪೀಕರಿನ ಪ್ಲಸ್. ನನ್ನ ಕಾರಲ್ಲಿ ಆಗಿದ್ದೂ ಇದೇ ಪ್ಲಸ್-ಮೈನಸ್ ಅದಲುಬದಲು. ಒಂದು ಕೋನ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು, ಬೇಸ್ ಅಲ್ಲಲ್ಲೇ ಸತ್ತು ಹೋಗುತ್ತಿತ್ತು. ಇನ್ನೊಂದು ಮಾತು, ವೈರ್ ಉಳಿಸೋಣ ಅಂತ ಸ್ಪೀಕರಿನ ಮೈನಸ್ಸನ್ನು ಕಾರಿನ ಲೋಹದ ಮೈಗೆ ಜೋಡಿಸಲೇಬೇಡಿ. ಸ್ಟೀರಿಯೊ ಸುಟ್ಟು ಹೋಗಬಹುದು.

ಇನ್ನು ಫೋನ್. ಹಾಡಿಗೆ ಬಟನ್ ಫೋನ್ ಧಾರಾಳ ಸಾಕು. ಇಯರ್‌ಫೋನ್ ತೂತಿಗೆ ಆಕ್ಸ್ ಕೇಬಲ್ (ಎರಡೂ ತುದಿಯಲ್ಲಿ ಇಯರ್‌ಫೋನ್ ಪಿನ್ ಇರುವ ವೈರ್) ಹಾಕಿ ಸ್ಟೀರಿಯೊಗೆ ಕೊಡಿ. 32 ಜಿಬಿ ಕಾರ್ಡ್ ಹಿಡಿಸುವ ಫೋನಾದರೆ 128 ಕೆಬಿಪಿಎಸ್‌ನ (ಫೈಲಿನ ಗುಣಮಟ್ಟ ಹೇಳುವ ಅಂಕಿ) ಐದು ನಿಮಿಷದ ಹಾಡು ಸುಮಾರು 6000 ತುಂಬಬಹುದು. ಆದರೆ ಜಾಗ ಉಳಿಸಲು 64ರ ಹಾಡು ಹಾಕಿಕೊಂಡರೆ ಯಾವ ಸ್ಪೀಕರೂ ಅದನ್ನು ಉದ್ಧಾರ ಮಾಡಲಾರದು. ಫೋನಿನ ವಾಲ್ಯೂಮ್ ಮುಕ್ಕಾಲು ಭಾಗ ಇಡಿ, ಉಳಿದದ್ದು ಸ್ಟೀರಿಯೊದಲ್ಲಿ. ಫೋನಿನ ಬೇಸ್ ಬೂಸ್ಟ್ ಆಫ್ ಇರಲಿ. ಹಾಡು ಹುಡುಕುವ ಕೆಲಸ ಕಾರು ಹೊರಡುವ ಮೊದಲೇ ಮುಗಿಸಿ.

ಫೋನ್ ಚಾರ್ಜಿಗೆ ಹಾಕಿದಾಗ ಆಕ್ಸಲರೇಟರ್ ಒತ್ತಿದ ಹಾಗೆಲ್ಲ 'ಕುಂಯ್' ಅಂತ ಸದ್ದು ಏರುತ್ತದೆ ಅಲ್ವಾ? ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಬಟನ್ ಫೋನಿನ ಬ್ಯಾಟರಿ ದಿನಗಟ್ಟಲೆ ಬರುವುದರಿಂದ ದಾರಿಯಲ್ಲಿ ಚಾರ್ಜ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಎಫ್ಎಂ ಬೇಕಾದರೂ ಇದೇ ದಾರಿ. ತುಂಬ ಫೋನುಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ, ಆ ಕೆಲಸವನ್ನು ಆಕ್ಸ್ ಕೇಬಲ್ಲೂ ಮಾಡುತ್ತದೆ. ಬೆಂಗಳೂರಲ್ಲಿ 102.9ರ ವಿವಿಧ ಭಾರತಿ, ಮೈಸೂರಲ್ಲಿ 100.6ರ ಆಕಾಶವಾಣಿ ಹೀಗೇ ಕೇಳುತ್ತೇನೆ.

2ಜಿ ಫೋನಾದರೆ ಕರೆ ಬರುವ ಮುಂಚೆ ಸ್ಪೀಕರಲ್ಲಿ 'ಟಿಕ್‌ಟಿಕ್ ಟರ್ರ್' ಅನ್ನುತ್ತದೆ. ಸೆಕೆಂಡಿಗೆ 217 ಸಲ ಫೋನ್ ಬಿಟ್ಟುಬಿಟ್ಟು ಕಳಿಸುವ ಸಿಗ್ನಲ್ಲನ್ನು ಕೇಬಲ್ ಹಿಡಿದುಕೊಳ್ಳುತ್ತದೆ, ಸ್ಪೀಕರ್ ಕೆಟ್ಟಿದ್ದಲ್ಲ. ಫೋನನ್ನು ಸ್ಟೀರಿಯೊದಿಂದ ಒಂದೆರಡು ಅಡಿ ದೂರ ಇಟ್ಟರೆ ಕಡಿಮೆಯಾಗುತ್ತದೆ. ನಮ್ಮಮ್ಮ ಮಾತ್ರ ದೂರ ಇಡಲು ಬಿಡುವುದಿಲ್ಲ. ಆ ಸದ್ದು ಕೇಳಿದ ಕೂಡಲೇ, ಇನ್ನೂ ರಿಂಗ್ ಆಗುವ ಮೊದಲೇ, "ಯಾರೋ ಫೋನ್ ಮಾಡ್ತಿದ್ದಾರೆ, ಗಾಡಿ ಪಕ್ಕಕ್ಕೆ ಹಾಕೋ" ಅನ್ನುತ್ತಾರೆ.