ಒಂಬತ್ತು ಪ್ರಶ್ನೆ, ಒಂಬತ್ತು ಸಂಪರ್ಕ: ರಾಯಚೂರಿನಲ್ಲಿ ಸಂಶೋಧನೆಯನ್ನು ನಾನು ಬಳಸುವ ಬಗೆ

ಮನಸ್ಸಿನ ಕಾಯಿಲೆಯ ಚಿಕಿತ್ಸೆಗೆ ಸಂಶೋಧನೆಯ ಆಧಾರ ಇರಬೇಕು ಅಂದರೆ ಯಾವ ವೈದ್ಯರೂ ಬೇಡ ಅನ್ನುವುದಿಲ್ಲ. ಆದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ, ಹೊರಗೆ ಉದ್ದ ಪಾಳಿ ಇರುವಾಗ, ಅದು ಆಗುವ ಮಾತೇ? ರಾಯಚೂರು ಜಿಲ್ಲೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕಿರಿಯ ವೈದ್ಯರು ಇದನ್ನೇ ಕೇಳುತ್ತಾರೆ. ಆಗುತ್ತದೆ ಅನ್ನುವುದು ನನ್ನ ಅನುಭವ. ಆದರೆ ಸಂಶೋಧನೆಯಿಂದ ಔಷಧಿಯ ಹೆಸರೊಂದನ್ನೇ ತಂದರೆ ಸಾಲದು. ಅಲ್ಲಿ ರೋಗಿಯ ಜೊತೆ ಏನೇನು ಮಾಡಿದರು, ಯಾರು ಮಾಡಿದರು, ಎಷ್ಟು ಸಲ ಮಾಡಿದರು, ಆ ದುಡಿಮೆಯನ್ನೂ ತರಬೇಕು. ಫಲ ಬಂದದ್ದು ಅದರಿಂದಲೇ ಅಲ್ವಾ?

ಇದು ದೂರದ ಮಾತೂ ಅಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೇ ಎಂದು 1985ರಿಂದ 1990ರವರೆಗೆ ನಿಮ್ಹಾನ್ಸ್ ಪ್ರಯೋಗ ಮಾಡಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಅಲ್ಲಿನ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಸೀಮೆಯ ಜನ. ನನಗೆ ಇದು ಹೆಮ್ಮೆಯ ಸಂಗತಿ.

ನಾನು ಮೊದಲು ರೂಢಿಗೆ ತಂದದ್ದು ಅಳತೆ. ನಮ್ಮಲ್ಲಿ ಖಿನ್ನತೆ ಎಂದು ಹೇಳಿಕೊಂಡು ಯಾರೂ ಬರುವುದಿಲ್ಲ. "ಎದಿ ಭಾರ ಆಗೇದ್ರಿ ಸರ, ಮೈಯೆಲ್ಲಾ ಉರಿ, ನಿದ್ದಿ ಬರವಲ್ದು" ಅನ್ನುತ್ತಾರೆ. ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಪಿಎಚ್‌ಕ್ಯೂ-9 ಪ್ರಶ್ನಾವಳಿ ತೆಗೆಯುತ್ತೇವೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಓದಲು ಬಾರದವರಿಗೆ ನರ್ಸ್ ಓದಿ ಹೇಳುತ್ತಾರೆ. "ಯಾವ ಕೆಲಸದ ಮ್ಯಾಲೂ ಮನಸ್ಸ ಇಲ್ಲೇನವ್ವ?" ಎಂದು ಅವರ ಮಾತಿನಲ್ಲೇ ಕೇಳುತ್ತಾರೆ. ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಷ್ಟೋ ಮಂದಿಗಿದೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುವುದನ್ನು ನಾನೇ ನೋಡಿದ್ದೇನೆ.

ಮುಂದಿನ ಭೇಟಿಯಲ್ಲಿ ಮತ್ತೆ ಅದೇ ಪ್ರಶ್ನೆಗಳು. "ಆರಾಮ ಐತ್ರಿ" ಎಂಬ ಒಂದು ಮಾತಿನ ಮೇಲೆ ನಾನು ಚಿಕಿತ್ಸೆ ನಡೆಸುವುದಿಲ್ಲ. ನಮ್ಮ ಜನ ಡಾಕ್ಟರಿಗೆ ಬೇಜಾರಾಗಬಾರದು ಎಂದೂ ಆರಾಮ ಅನ್ನುತ್ತಾರೆ. ಮಾತು ಆರಾಮ, ಅಂಕ ಮಾತ್ರ ಹಾಗೇ ನಿಂತಿದೆ ಅಂದರೆ ಕುರ್ಚಿ ಹತ್ತಿರ ಎಳೆದು ಮತ್ತೆ ಮಾತಾಡಿಸಬೇಕು. ಗುಳಿಗೆ ನುಂಗುತ್ತಿದ್ದಾರಾ, ಪ್ರಮಾಣ ಸಾಕಾ, ಮನೆಯಲ್ಲಿ ಗಂಡನ ಕುಡಿತ ಜಾಸ್ತಿಯಾಗಿದೆಯಾ?

ಖಿನ್ನತೆಗೆ ಗುಳಿಗೆಯ ಜೊತೆ ಇನ್ನೇನು ಮಾಡಬಹುದು ಅನ್ನುವುದಕ್ಕೆ ನಾನು ಜಾಸ್ತಿ ನೆಚ್ಚಿಕೊಂಡಿರುವುದು ಗೋವಾದ ಅಧ್ಯಯನವನ್ನು. ವಿಕ್ರಮ್ ಪಟೇಲ್ ಮತ್ತು ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿದ್ದು. ಆಪ್ತ ಸಲಹೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಸಲ ಕೂತು ಮಾತಾಡಿದರು. ಬರಲಾಗದವರ ಮನೆಗೇ ಹೋದರು. ಮೂರು ತಿಂಗಳಿಗೆ ನೋಡಿದರೆ ಸಲಹೆ ಪಡೆದವರಲ್ಲಿ ನೂರಕ್ಕೆ 64 ಮಂದಿಯ ಅಂಕ (ಇದೇ ಒಂಬತ್ತು ಪ್ರಶ್ನೆಗಳದ್ದು) ಹತ್ತರ ಕೆಳಗೆ ಬಂದಿತ್ತು. ಈ ಸಲಹೆ ಇಲ್ಲದೆ ಚಿಕಿತ್ಸೆ ಪಡೆದ ಗುಂಪಿನಲ್ಲಿ 39. ಗೋವಾ ಬೇರೆ, ರಾಯಚೂರು ಬೇರೆ, ನಿಜ. ಆದರೆ ಅದೇ ಥರದ ಸರ್ಕಾರಿ ಆಸ್ಪತ್ರೆ, ಕಾಯಿಲೆಯೂ ತೀವ್ರವಾಗಿದ್ದವರು. ಅದಕ್ಕೇ ಅದು ನನಗೆ ಹತ್ತಿರ.

ಅವರು ಮಾಡಿದ್ದರ ತಿರುಳು ಸರಳ. ಮನಸ್ಸು ಸರಿಹೋಗಲಿ, ಆಮೇಲೆ ಕೆಲಸ ಅನ್ನುವ ಬದಲು, ಮೊದಲು ಸಣ್ಣ ಕೆಲಸ ಶುರುಮಾಡು, ಮನಸ್ಸು ಹಿಂದೆ ಬರುತ್ತದೆ ಅನ್ನುವುದು. ಮಾನ್ವಿ ಕಡೆಯ ಒಬ್ಬ ಹೆಣ್ಣುಮಗಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಹತ್ತಿ ಬಿಡಿಸಲು ಹೋಗುವುದನ್ನೇ ಬಿಟ್ಟಿದ್ದರು. ನಮ್ಮ ಆಪ್ತ ಸಮಾಲೋಚಕಿ "ನಾಳಿಂದ ಹೊಲಕ್ಕೆ ಹೋಗು" ಅನ್ನಲಿಲ್ಲ. "ಅಕ್ಕಾ, ಮೊದಲು ಯಾವ ಕೆಲಸ ಮಾಡಿದ್ರ ಮನಸ್ಸಿಗೆ ಹಿತ ಅನಸ್ತಿತ್ತು?" ಎಂದು ಕೇಳಿದರು. ಶನಿವಾರದ ಭಜನೆ ಅಂದರು. ಸರಿ, ಹಾಡುವುದು ಬೇಡ, ಹೋಗಿ ಸುಮ್ನೆ ಕೂತು ಬನ್ನಿ ಎಂದಾಯಿತು. ಆಮೇಲೆ ಗೆಳತಿಯ ಮನೆ, ಆಮೇಲೆ ಅರ್ಧ ದಿನದ ಕೂಲಿ. ಪ್ರತಿ ಸಲವೂ ಮಾಡಿದ್ದೇನು, ಮನಸ್ಸಿಗೆ ಹೇಗೆನಿಸಿತು ಎಂದು ಬರೆದುಕೊಳ್ಳುತ್ತಿದ್ದರು. ಅವರ ಅಂಕ ನಿಧಾನಕ್ಕೆ ಇಳಿಯಿತು. "ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಕಳಿಸುವುದಕ್ಕೂ ಇದಕ್ಕೂ ತುಂಬಾ ಅಂತರವಿದೆ.

ಗುಳಿಗೆಯ ವಿಷಯದಲ್ಲಿ ನನಗೆ ಎದುರಾಗುವ ದೊಡ್ಡ ಪ್ರಶ್ನೆ, "ಆರಾಮ ಆತಲ್ರಿ, ಇನ್ನ ಬಿಡಲೇನು?" ಇದಕ್ಕೆ ಉತ್ತರವಾಗಿ 31 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವರದಿಯನ್ನು ಬಳಸುತ್ತೇನೆ. ಖಿನ್ನತೆಯ ಔಷಧಿ ನಿಲ್ಲಿಸಿದವರಲ್ಲಿ ನೂರಕ್ಕೆ 41 ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ 18 ಮಂದಿಗೆ. ಇದನ್ನು ಮನೆಯವರ ಮುಂದೆಯೇ ಹೇಳುತ್ತೇನೆ. ಔಷಧಿ ತಗೊಂಡರೂ ಕೆಲವರಿಗೆ ಮರಳುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಲೆಕ್ಕ ಕೊಟ್ಟರೆ ಹಳ್ಳಿಯವರಿಗೆ ತಿಳಿಯುವುದಿಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ನಂಬಿ ಬೀಜ ಹಾಕುವವರಿಗೆ ಸಂಭವದ ಲೆಕ್ಕ ಯಾರೂ ಕಲಿಸಬೇಕಿಲ್ಲ. ಮುಂದುವರಿಸುವುದೋ ಬಿಡುವುದೋ, ಕೊನೆಯ ಮಾತು ಅವರದು.

ಇನ್ನೊಂದು ಸಂಗತಿ ಹೇಳಲು ಮನಸ್ಸು ಭಾರವಾಗುತ್ತದೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ನಮ್ಮ ಕಡೆ ಹೊಲದ ಎಣ್ಣೆ, ಅಂದರೆ ಕೀಟನಾಶಕ, ಮನೆಮನೆಯಲ್ಲೂ ಇರುತ್ತದೆ. ಅದನ್ನು ಬೀಗ ಹಾಕುವ ಪೆಟ್ಟಿಗೆಯಲ್ಲಿಟ್ಟರೆ ಆತ್ಮಹತ್ಯೆ ಯತ್ನ ಕಡಿಮೆಯಾಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು: ಪೆಟ್ಟಿಗೆಯಿಂದ ಪ್ರಯೋಜನ ಕಾಣಲಿಲ್ಲ. ಆ ದೇಶದಲ್ಲಿ ಸಾವು ಇಳಿದದ್ದು ಹೆಚ್ಚು ವಿಷಕಾರಿ ಕೀಟನಾಶಕಗಳನ್ನೇ ನಿಷೇಧಿಸಿದಾಗ. ಹಾಗಾಗಿ ಪೆಟ್ಟಿಗೆ ಹಂಚುವ ಮಾತು ಬಂದಾಗ ನಾನು ಈ ಅಧ್ಯಯನ ಮುಂದಿಡುತ್ತೇನೆ. ಯತ್ನ ಮಾಡಿ ಬದುಕುಳಿದವರ ಮನೆಯವರಿಗಂತೂ, ಆ ಎಣ್ಣೆ ಮನೆಯಲ್ಲಿ ಇರಲೇಬಾರದು ಎಂದು ಹೇಳುತ್ತೇನೆ.

ಹೀಗೆ ಬದುಕುಳಿದವರ ವಿಷಯದಲ್ಲಿ ನಾವು ಹಿಡಿದಿರುವುದು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಮಾಡಿದ ಅಧ್ಯಯನದ ದಾರಿ. ಅದರಲ್ಲಿ ಚೆನ್ನೈ ಕೂಡ ಇತ್ತು. ಆಸ್ಪತ್ರೆಯಿಂದ ಕಳಿಸುವ ಮುಂಚೆ ಒಂದು ಗಂಟೆ ಮಾತು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಂಪರ್ಕ, ಫೋನ್ ಮಾಡಿಯೋ ಮನೆಗೆ ಹೋಗಿಯೋ. ಮೊದಲ ವಾರದಲ್ಲೇ ಶುರು, ಮೊದಮೊದಲು ಬೇಗಬೇಗ, ಬರಬರುತ್ತಾ ವಿರಳ. ಹಾಗೆ ನೋಡಿಕೊಂಡವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 0.2, ಉಳಿದವರಲ್ಲಿ ಶೇ. 2.2. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಫಲ ಇಷ್ಟು ದೊಡ್ಡದಾಗಿ ಕಂಡಿಲ್ಲ. ಆದರೂ ಇದರಲ್ಲಿ ಹಾನಿಯಿಲ್ಲ, ಖರ್ಚೂ ಕಡಿಮೆ. ಬೇಕಾದದ್ದು ಒಂದು ರಿಜಿಸ್ಟರ್, ಒಂದು ಫೋನ್, ತಾರೀಖು ತಪ್ಪಿಸದ ಒಬ್ಬ ನರ್ಸ್.

ತೊಡಕು ಬರುವುದು ಗುಳೆಯಿಂದ. ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಸಿಮ್ ಬದಲಾಗುತ್ತದೆ. ಅದಕ್ಕೆ ಒಬ್ಬೊಬ್ಬರಿಂದ ಮೂರು ನಂಬರ್ ತಗೊಳ್ಳುತ್ತೇವೆ. ಊರಲ್ಲೇ ಉಳಿಯುವ ಅವ್ವನದು ಅಥವಾ ಅತ್ತೆಯದು ಅದರಲ್ಲಿ ಒಂದು ಇರಲೇಬೇಕು.

ಅಧ್ಯಯನದ ಜನ ನಮ್ಮ ಬಿಸಿಲಲ್ಲಿ ದುಡಿದವರಲ್ಲ ಅನ್ನುವುದನ್ನೂ ಮರೆಯಬಾರದು. ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬಿ, ಕೆಲವು ಕಾಲ ಕುಸಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಒಳ್ಳೆಯ ಔಷಧಿ, ಆಧಾರ ಗಟ್ಟಿಯಾಗಿದೆ. ಆದರೆ ಬೆವರಿ ನೀರು, ಉಪ್ಪು ಕಳೆದುಕೊಂಡರೆ ರಕ್ತದಲ್ಲಿ ಅದರ ಮಟ್ಟ ಅಪಾಯದ ಹಂತಕ್ಕೆ ಏರಬಹುದು. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಏರಿಸುತ್ತವೆ. 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಕೂಲಿಗೆ ಹೋಗುವವರಿಗೆ ಎರಡೂ ಸೇರಿ ಬರುತ್ತವೆ. ಬೇಸಿಗೆಗೆ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸುತ್ತೇನೆ. ನೀರು ಜಾಸ್ತಿ ಕುಡಿಯಿರಿ, ಉಪ್ಪು ಒಮ್ಮೆಲೇ ಬಿಡಬೇಡಿ, ನೋವಿಗೆ ನಮ್ಮನ್ನು ಕೇಳದೆ ಗುಳಿಗೆ ಬೇಡ ಎಂದು ಚೀಟಿಯ ಹಿಂದೆ ಬರೆದುಕೊಡುತ್ತೇನೆ. ವಾಂತಿ, ಭೇದಿ, ಜೋರು ಕೈನಡುಕ, ನಡಿಗೆಯಲ್ಲಿ ತೂರಾಟ ಕಂಡರೆ ಲಿಥಿಯಂ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬರಬೇಕು.

ಗುಳೆ ಹೊರಟವರ ಚೀಟಿಯ ಮೇಲೆ ಇನ್ನೊಂದು ನಂಬರ್ ಇರುತ್ತದೆ: 14416, ಟೆಲಿ-ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಊರು ಯಾವುದೇ ಇರಲಿ, ಆಸ್ಪತ್ರೆಯಿಂದ ಹೊರಡುವ ಮುಂಚೆ ನಮ್ಮೆದುರೇ ಅದನ್ನು ಫೋನಿನಲ್ಲಿ ಸೇವ್ ಮಾಡಿಸುತ್ತೇವೆ.