ಷಟ್ಪದಿಯ ಮಾತ್ರೆ ಎಣಿಸಲು ಒಂದೇ ಫೈಲ್ ಸಾಕಾಯಿತು

ಭಾಮಿನಿ ಷಟ್ಪದಿ ಬರೆಯಲು ಕಲಿಯುವವರಿಗೆ ಮಾತ್ರೆ (ಉಚ್ಚಾರದ ಕಾಲದ ಅಳತೆ: ಲಘು ಅಕ್ಷರಕ್ಕೆ 1, ಗುರುವಿಗೆ 2) ಎಣಿಸಿ ತೋರಿಸುವ ವೆಬ್ ಪುಟವೊಂದು ಬೇಕಿತ್ತು. 1, 2, 4, 5ನೇ ಸಾಲಿಗೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ ಕೊನೆಯ ಗುರುವೂ ಸೇರಿ 23. ಇಷ್ಟಕ್ಕೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಯಾಕೆ ಬೇಕು ಹೇಳಿ? ಬರೆಯಲು ಒಂದು ಟೆಕ್ಸ್ಟ್‌ಏರಿಯಾ, ಫಲಿತಾಂಶಕ್ಕೆ ಒಂದು ಡಿವ್, ಅಂದರೆ ಪುಟದಲ್ಲೊಂದು ಭಾಗ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲ ಅದೇ ಎಚ್‌ಟಿಎಂಎಲ್ ಫೈಲಿನೊಳಗೆ. ಕೋಡನ್ನು ಬೇರೆ ಬೇರೆ ಮಾಡ್ಯೂಲ್ ಮಾಡಿದರೆ, ಸರ್ವರ್ ಇಲ್ಲದೆ ಡಿಸ್ಕ್‌ನಿಂದ ನೇರವಾಗಿ ತೆರೆದಾಗ ಬ್ರೌಸರ್ ಅವನ್ನು ಲೋಡ್ ಮಾಡಲು ಬಿಡುವುದಿಲ್ಲ. ಒಂದೇ ಫೈಲ್ ಆದರೆ ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ನಡೆಯುತ್ತದೆ, ನೆಟ್ ಬೇಡ.

ನಿಜವಾದ ಕೆಲಸ ಇದ್ದದ್ದು ಅಕ್ಷರ ಬಿಡಿಸುವುದರಲ್ಲಿ. ‘ಕನ್ನಡ’ ಪದದ ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ 5 ಅನ್ನುತ್ತದೆ: ಕ, ನ, ಹಲಂತದ ಚಿಹ್ನೆ, ನ, ಡ. ಬ್ರೌಸರ್‌ನಲ್ಲೇ ಇರುವ ಇಂಟಲ್ ಸೆಗ್ಮೆಂಟರ್ (Intl.Segmenter, ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಸೌಲಭ್ಯ) ನನಗೆ 4 ಕೊಟ್ಟಿತು. ‘ನ್ನ’ವನ್ನು ಅದು ಎರಡು ಮಾಡುತ್ತದೆ. ಛಂದಸ್ಸಿಗೆ ಬೇಕಾದ್ದು 3. ಹಾಗಾಗಿ ಒಂದು ರೆಜೆಕ್ಸ್, ಅಂದರೆ ಅಕ್ಷರದ ವಿನ್ಯಾಸ ಹುಡುಕುವ ಸೂತ್ರ, ನಾನೇ ಬರೆದೆ: ಹಲಂತ ಹತ್ತಿದ ವ್ಯಂಜನ ಎಷ್ಟಿದ್ದರೂ ಸರಿ, ಆಮೇಲೊಂದು ವ್ಯಂಜನ, ಇದ್ದರೆ ಸ್ವರಚಿಹ್ನೆ, ಇದ್ದರೆ ಅನುಸ್ವಾರ ಅಥವಾ ವಿಸರ್ಗ.

ದೀರ್ಘ ಸ್ವರ, ಅನುಸ್ವಾರ, ವಿಸರ್ಗ ಇದ್ದರೆ ಗುರು. ಮುಂದೆ ಒತ್ತಕ್ಷರ ಬಂದರೂ ಗುರು. ಇಲ್ಲೊಂದು ಸೂಕ್ಷ್ಮ ಇದೆ. ಯೂನಿಕೋಡ್‌ನಲ್ಲಿ ‘ಕೀ’ಯ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಬೇರೆಬೇರೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎರಡನೆಯದು ಬಂದರೆ ಪ್ರೋಗ್ರಾಂ ಅದನ್ನು ಲಘು ಅಂದುಕೊಳ್ಳುತ್ತದೆ. ಮೊದಲೇ ಒಮ್ಮೆ ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿದರೆ, ಅಂದರೆ ಬಿಡಿ ಗುರುತುಗಳನ್ನು ಒಂದೇ ಚಿಹ್ನೆಯ ರೂಪಕ್ಕೆ ತಂದರೆ, ಈ ತಾಪತ್ರಯ ಇಲ್ಲ.

ಸಾಲು ಸಾಲಾಗಿ ಎಣಿಸಲೂ ಆಗದು. ಭಾಮಿನಿಯಲ್ಲಿ ಪದ ತುಂಡಾಗಿ ಮುಂದಿನ ಸಾಲಿಗೆ ಹೋಗುವುದು ಸಾಮಾನ್ಯ ಅಲ್ವಾ? ಆ ಸಾಲು ಒತ್ತಕ್ಷರದಿಂದ ಶುರುವಾದರೆ ಹಿಂದಿನ ಸಾಲಿನ ಕೊನೆಯ ಲಘು ಗುರುವಾಗುತ್ತದೆ. ಅದಕ್ಕೇ ಇಡೀ ಪದ್ಯವನ್ನು ಒಟ್ಟಿಗೆ ಓದಿಸಿ, ಆಮೇಲೆ ಸಾಲು ಬಿಡಿಸುತ್ತೇನೆ. ಪ್ರತಿ ಸಲ ಟೈಪ್ ಮಾಡಿದಾಗಲೂ ಪೂರ್ತಿ ಹೊಸದಾಗಿ ಎಣಿಸುತ್ತದೆ. ಆರು ಸಾಲಿಗೆ ಅದೇನೂ ಭಾರವಲ್ಲ.

ಹಳಗನ್ನಡದ ಶಿಥಿಲದ್ವಿತ್ವ ಮಾತ್ರ ನಿಯಮಕ್ಕೆ ಸಿಗಲಿಲ್ಲ. ಅಲ್ಲಿ ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುತ್ತದೆ, ಅದನ್ನು ಓದುವವರೇ ಹೇಳಬೇಕು. ಅಕ್ಷರದ ಮೇಲೆ ಒತ್ತಿದರೆ ಗುರು ಲಘುವಾಗಿ ಬದಲಾಗುವಂತೆ ಮಾಡಿದೆ. ಹೊರಗಿನ ಡಿವ್‌ಗೆ ಒಂದು ಕ್ಲಿಕ್ ಲಿಸನರ್ (ಒತ್ತಿದ್ದನ್ನು ಗಮನಿಸುವ ಕೋಡ್) ಹಾಕಿದರೆ ಎಲ್ಲ ಅಕ್ಷರಕ್ಕೂ ಅದೇ ಸಾಕು.